ಅಂಕಲ್ ಎದ್ದ ಭಾನುವಾರ

ಕಾದ ಎಣ್ಣೆಯ ವಾಸನೆ ಬಂದರೆ ನಾನು ಅರಿವಿಲ್ಲದೆ ಎದ್ದು ನಿಲ್ಲುತ್ತೇನೆ. ಮೊನ್ನೆ ಭಾನುವಾರ ಮೇಲಿನ ಮನೆಯವರು ಏನೋ ಕರಿಯುತ್ತಿದ್ದರು. ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ತುಂಬ ಅದೇ ಘಾಟು... ಪಕ್ಕದ ಮನೆಯ ಅಂಕಲ್ ನೆನಪಾದರು.

ಮಂಡ್ಯ ಕಡೆಯವರು. ಚಿಪ್ ಕಂಪನಿಯಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಅಮೆರಿಕನ್ ಫುಟ್‌ಬಾಲ್ ಎಂದರೆ ಪ್ರಾಣ. ಆದರೆ ನೋಡುತ್ತಿದ್ದುದು ಊರಿನಲ್ಲಿ ಕ್ರಿಕೆಟ್ ನೋಡುತ್ತಿದ್ದ ಕ್ರಮದಲ್ಲೇ. ನಮ್ಮ ತಂಡ ಮುಂದಿದ್ದಾಗ ಕೂತಲ್ಲಿಂದ ಅಲ್ಲಾಡುವಂತಿಲ್ಲ, ಎದ್ದರೆ ತಂಡ ಸೋಲುತ್ತದೆ. ಬಾಗಿಲು ಬಡಿದರೂ ಇಲ್ಲ, ಫೋನು ಬಂದರೂ ಇಲ್ಲ. ನಾನು ಅವರ ಮನೆಗೆ ಹೋಗಿ ಜೊತೆಗೆ ನೋಡಿದ ವರ್ಷ ತಂಡ ಎಷ್ಟು ಕೆಟ್ಟದಾಗಿ ಆಡಿತೆಂದರೆ, ನಾವಿಬ್ಬರೂ ಬೇಕೆಂದಾಗಲೆಲ್ಲ ಎದ್ದು ಓಡಾಡಿಕೊಂಡಿದ್ದೆವು.

ಸೀಸನ್ನಿನ ಕೊನೆಯ ಪಂದ್ಯ. ಅಂಕಲ್ ಬಜ್ಜಿಗೆಂದು ಎಣ್ಣೆ ಇಟ್ಟು ಬಂದು ಕೂತರು. ಅಷ್ಟರಲ್ಲಿ ಅಪರೂಪಕ್ಕೆ ನಮ್ಮವರು ಟಚ್‌ಡೌನ್ ಹೊಡೆದು ಮುಂದೆ ಹೋದರು.

"ಅಂಕಲ್, ಎಣ್ಣೆ..."

"ಕೂತ್ಕೊಳವ್ವ ಸುಮ್ಕೆ! ವರ್ಸೆಲ್ಲ ಕಾದಿವ್ನಿ, ಎಣ್ಣೆ ಇನ್ನೊಂದ್ ಗಳ್ಗೆ ಕಾಯ್ಲಿ."

ಸ್ಮೋಕ್ ಅಲಾರ್ಮ್ ಕೂಗಿದಾಗ ಅಡುಗೆಮನೆಗೆ ಓಡಿದೆ. ಬಾಣಲೆಯ ಬೆಂಕಿ ಮೇಲಿನ ಕಪಾಟು ಮುಟ್ಟುತ್ತಿತ್ತು. ಕೈಗೆ ಸಿಕ್ಕಿದ್ದು ನೀರಿನ ಚೊಂಬು. ಎತ್ತಿದ್ದೆ...

"ನೀರ್ ಹಾಕ್‌ಬ್ಯಾಡ!"

ತಂಡ ಮುಂದಿದ್ದಾಗ ಎಂದೂ ಏಳದ ಮನುಷ್ಯ ನನ್ನ ತೋಳು ಹಿಡಿದು ಹಿಂದಕ್ಕೆಳೆದಿದ್ದರು. ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿದರು. ಬೆಂಕಿ ಅಡಗಿತು. ಅವರ ಮುಂಗೈಯ ಕೂದಲೆಲ್ಲ ಸುಟ್ಟುಹೋಗಿತ್ತು. ಉರಿಯುವ ಆ ಎಣ್ಣೆಗೆ ನೀರು ಬಿದ್ದಿದ್ದರೆ ನನ್ನ ಮುಖವೇ... ಚೊಂಬು ಎತ್ತಿದ ಆ ಕ್ಷಣ ಇವತ್ತಿಗೂ ಮತ್ತೆ ಮತ್ತೆ ಬಂದು ಅಲ್ಲೇ ನಿಲ್ಲುತ್ತದೆ.

ಹಾಲಿಗೆ ಬಂದರೆ ಟಿವಿಯಲ್ಲಿ ಎದುರಾಳಿಗಳು ಕುಣಿಯುತ್ತಿದ್ದರು. ಅಂಕಲ್ ಟಿವಿ ನೋಡಿದರು, ನನ್ನ ಮುಖ ನೋಡಿದರು.

"ನಾನೆದ್ದೆ, ನಮ್ಮವ್ರು ಸೋತ್ರು. ಎಲ್ಲಾ ನಿನ್ನಿಂದ್ಲೇ ಕಣವ್ವ!" ಎಂದು ಜೋರಾಗಿ ನಕ್ಕರು. ನನಗೂ ನಗು ಬಂತು. ಬಜ್ಜಿಗೆ ಹೆಚ್ಚಿದ್ದ ಈರುಳ್ಳಿಯನ್ನು ಅವಲಕ್ಕಿಗೆ ಕಲಸಿ, ಕಿಟಕಿಗಳನ್ನೆಲ್ಲ ತೆಗೆದು, ಸ್ವೆಟರ್ ಹಾಕಿಕೊಂಡು ಕೂತು ತಿಂದೆವು. ಸೋತ ತಂಡವನ್ನು ಅಷ್ಟು ಸಂತೋಷವಾಗಿ ಬೈದದ್ದು ಅದೇ ಮೊದಲು.

ಮುಂದಿನ ಸೀಸನ್ ಶುರುವಾಗುವ ಮೊದಲೇ ಅಂಕಲ್ ಹೋಗಿಬಿಟ್ಟರು. ಅವರು ಕೂತು ಆಟ ನೋಡುತ್ತಿದ್ದ ಮಡಿಸುವ ಕುರ್ಚಿ ಈಗ ನಮ್ಮ ಹಾಲಿನಲ್ಲಿದೆ. ಮೊನ್ನೆ ನಮ್ಮ ತಂಡ ಮುಂದಿತ್ತು. ಆದರೂ ಎದ್ದು, ಒಲೆ ಆರಿದೆಯೇ ಎಂದು ನೋಡಿ ಬಂದೆ. ಬರುವಷ್ಟರಲ್ಲಿ ಆಟ ಕೈತಪ್ಪಿತ್ತು.

"ನಿನ್ನಿಂದ್ಲೇ" ಎನ್ನಲು ಕುರ್ಚಿಯಲ್ಲಿ ಯಾರೂ ಇರಲಿಲ್ಲ.