‘ಮಾವನವರ ಕೊಡುಗೆ’ಯ ಎಡಚಕ್ರ

ನನ್ನ ಟ್ರೇಲರಿನ ಹಿಂಬದಿಯ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ‘ಮಾವನವರ ಕೊಡುಗೆ’ ಎಂದು ಬರೆದಿದೆ. ಬರೆಸಿದ್ದು ನಾನಲ್ಲ, ಮಾವನವರೇ. ಕೊಳ್ಳೇಗಾಲದಲ್ಲಿ ಟ್ರ್ಯಾಕ್ಟರುಗಳಿಗೆ ಟ್ರೇಲರ್ ಕಟ್ಟಿಕೊಡುವ ಶೆಡ್ಡು ಅವರದು. ಮದುವೆಯಲ್ಲಿ ನಾನು ಅದನ್ನು ಕೇಳಲಿಲ್ಲ, ಆದರೆ ಕೊಟ್ಟಾಗ ಬೇಡವೆಂದೂ ಅನ್ನಲಿಲ್ಲ. ಬಂಡಳ್ಳಿಯಿಂದ ಹನೂರಿಗೆ ಮುಸುಕಿನ ಜೋಳ ಹೇರಿಕೊಂಡು ಹೊರಟರೆ ಹಿಂದೆ ಬರುವ ಬಸ್ಸಿನವರೆಲ್ಲ ಅದನ್ನು ಓದುತ್ತಾರೆ. ಮೊದಮೊದಲು ಯಾರೋ ನನ್ನ ಅಂಗಿಯ ಬೆನ್ನಿಗೆ ಚೀಟಿ ಅಂಟಿಸಿ ಕಳಿಸಿದ ಹಾಗೆ ಅನ್ನಿಸುತ್ತಿತ್ತು. ಆಮೇಲೆ ರೂಢಿಯಾಯಿತು. ನಾಚಿಕೆಯೂ ರೂಢಿಯಾಗುತ್ತದೆ.

ಎರಡನೇ ಸುಗ್ಗಿಯ ಹೊತ್ತಿಗೇ ಎಡಗಡೆ ಟೈರಿನ ಒಳ ಅಂಚು ಬೋಳಾಯಿತು. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಬಗ್ಗಿ ಒಳಗೆ ಕೈಯಾಡಿಸಿದರೆ ನುಣ್ಣಗೆ, ಒಂದು ಕಡೆಯಂತೂ ನೂಲಿನ ಪದರವೇ ಈಚೆ ಬಂದಿತ್ತು. ಬಲಗಡೆಯದು ಸರಿಯಾಗಿತ್ತು. ಗಾಳಿ ಕಡಿಮೆಯಿರಬೇಕು ಅಂದುಕೊಂಡೆ. ಹಾಗಿದ್ದರೆ ಎರಡು ಅಂಚೂ ಸವೆಯಬೇಕಿತ್ತು. ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಬೇರಿಂಗ್ ಬಿಗಿಯಾಗಿತ್ತು. ಒಂದೇ ಕಡೆ ಭಾರ ಹೇರುತ್ತೇನೇನೋ ಎಂದು ಕೆಲವು ದಿನ ಬಲಕ್ಕೆ ಹೆಚ್ಚು ಹೇರಿ ನೋಡಿದೆ. ಆಗಲೂ ಎಡದ್ದೇ ಸವೆಯಿತು. ಉಳಿದದ್ದು ಒಂದೇ. ಚಕ್ರ ಕೂರುವ ಆಕ್ಸೆಲಿನ ತುದಿಯ ಬೆಸುಗೆಯೇ ಓರೆಯಾಗಿರಬೇಕು. ಆ ಬೆಸುಗೆ ಹಾಕಿದವರು ಮಾವ.

ಶೆಡ್ಡಿನಲ್ಲಿ ಕೆಲಸಗಾರನಿದ್ದರೂ ಆಕ್ಸೆಲನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ಅಳತೆಯೂ ಕಣ್ಣಳತೆಯೇ. “ದಾರದ್ ಗುಂಡು, ಮಟ್ಟ ಎಲ್ಲಾ ಗಾರೆಯೋರ್ಗೆ ಕಣಪ್ಪ. ನನ್ಗೆ ಕಣ್ಣೇ ಗುಂಡು” ಅನ್ನುತ್ತಿದ್ದರು. ನಮ್ಮ ಮನೆಗೆ ಬಂದಾಗ ಕಾಲು ತೊಳೆಯುವುದಕ್ಕೂ ಮೊದಲು ಟ್ರೇಲರಿನ ಹತ್ತಿರ ಹೋಗಿ ಚಕ್ರವನ್ನು ಒಮ್ಮೆ ತಟ್ಟಿ, “ಎಂಗದೆ ಅಳಿಮಯ್ಯ, ನಮ್ ಗಾಡಿ?” ಎಂದು ಕೇಳುವುದು ಅವರ ಪದ್ಧತಿ. “ಚಿನ್ನದಂಗದೆ ಮಾವ” ಅನ್ನುವುದು ನನ್ನ ಪದ್ಧತಿ. ಒಳಗೆ ಬಂದ ಮೇಲೆ ಮುಂದಿಟ್ಟ ಕಾಫಿ ಲೋಟವನ್ನು ಅವರು ತಡಕಾಡುತ್ತಿದ್ದರು. ವಯಸ್ಸಾಯಿತು ಎಂದು ನಾವು ನಗುತ್ತಿದ್ದೆವು.

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ ಎಂದು ಗಾದೆಯಿದೆ. ನಾನು ಹಲ್ಲು ನೋಡಿಯಾಗಿತ್ತು, ಹುಳುಕೂ ಕಂಡಿತ್ತು, ಹೇಳುವುದಕ್ಕೆ ಬಾಯಿ ಬರಲಿಲ್ಲ. ಅದರ ಬದಲು ಟೈರುಗಳನ್ನು ಅದಲುಬದಲು ಮಾಡಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಸಮನಾಗಿ ಸವೆದರೆ ಯಾರ ಮೇಲೂ ತಪ್ಪು ಬರುವುದಿಲ್ಲವಲ್ಲ! ಹೆಂಡತಿ ಇದನ್ನು ನೋಡಿ, “ಅಪ್ಪಂಗೆ ಯೋಳ್ಬುಡಿ. ಬೈದ್ರೆ ಬೈಸ್ಕಳಿ” ಅಂದಳು.

“ನಿಮ್ಮಪ್ಪನ್ ಮರ್ವಾದೆ ಕಾಯ್ತಾ ಇವ್ನಿ ಕಣೆ” ಅಂದೆ. ಅದು ಸುಳ್ಳು. ಪುಕ್ಕಟೆ ಊಟ ಉಂಡವನು ಉಪ್ಪು ಕಡಿಮೆ ಅಂದರೆ ಜನ ಏನಂದಾರು ಎಂಬ ಭಯ ನನಗೆ. ಕಾಯುತ್ತಿದ್ದದ್ದು ನನ್ನ ಮರ್ಯಾದೆಯನ್ನೇ. ಅದೂ ಉಳಿಯಲಿಲ್ಲ. ಟೀ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಓರಗೆಯವನೊಬ್ಬ, “ಏನ್ಲಾ, ನಿಮ್ಮಾವನ್ ಗಾಡಿ ಒಂದ್ ಕಾಲ ಒಳೀಕೆ ಎಳ್ಕಂಡು ನಡೀತದಲ್ಲ, ಒಸ ಮದ್ಲಗಿತ್ತಿಯಂಗೆ!” ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕು ಗೇರ್ ಬದಲಿಸಿದೆ.

ಎಷ್ಟು ಓರೆಯೆಂದಾದರೂ ತಿಳಿಯೋಣವೆಂದು ಒಂದು ದಿನ ಗಾರೆಯವನ ಹತ್ತಿರ ಗುಂಡು ಕೇಳಿ ತಂದೆ. ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುತ್ತಾರಲ್ಲ, ಅದು. ಕಣದ ಸಿಮೆಂಟು ನೆಲದ ಮೇಲೆ ಖಾಲಿ ಟ್ರೇಲರ್ ನಿಲ್ಲಿಸಿ ಚಕ್ರದ ಪಕ್ಕದಲ್ಲಿ ದಾರ ಬಿಟ್ಟೆ. ಬಲಚಕ್ರದ ಮೇಲಂಚಿಗೂ ಕೆಳಗಂಚಿಗೂ ದಾರ ಒಂದೇ ದೂರದಲ್ಲಿತ್ತು. ಎಡಚಕ್ರದಲ್ಲಿ ಕೆಳಗೆ ದಾರ ತಾಕಿದರೆ ಮೇಲೆ ಹೆಬ್ಬೆರಳು ತೂರುವಷ್ಟು ಸಂದು. ಚಕ್ರ ತಲೆಯನ್ನು ಒಳಕ್ಕೆ ವಾಲಿಸಿಕೊಂಡು ನಿಂತಿತ್ತು. ಭಾರವೆಲ್ಲ ಒಳಗಿನ ಅಂಚಿನ ಮೇಲೆ ಬೀಳುತ್ತಿದ್ದದ್ದು ಅದಕ್ಕೇ. ನಾನು ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಾಗ ಬೆನ್ನ ಹಿಂದೆ “ಅಳಿಮಯ್ಯ” ಎಂಬ ದನಿ ಕೇಳಿತು. ಮಾವ ಅಂದು ಹೇಳದೆ ಕೇಳದೆ ಬಂದಿದ್ದರು.

ಗುಂಡನ್ನು ಪಂಚೆಯೊಳಗೆ ಮುಚ್ಚಿಕೊಂಡೆ. ಕಳ್ಳನೂ ಅಷ್ಟು ಪೆದ್ದಾಗಿ ಮುಚ್ಚಿಡುವುದಿಲ್ಲ. ದಾರ ಮೊಳದುದ್ದ ಹೊರಗೇ ನೇತಾಡುತ್ತಿತ್ತು. ಅವರು ಅದನ್ನು ನೋಡಿದರೋ ಇಲ್ಲವೋ, ನನ್ನ ಪಕ್ಕ ಕೂತು ಟೈರಿನ ಒಳಮೈಗೆ ಕೈ ಹಾಕಿದರು. ಕೈ ನಿಧಾನವಾಗಿ ಸುತ್ತು ಬಂದು ನಿಂತಿತು. ಎದ್ದು ಆ ಕಡೆಗೆ ಹೋಗಿ ಬಲಗಡೆ ಟೈರನ್ನೂ ಹಾಗೆಯೇ ಸವರಿದರು.

“ಎರಡೂ ಒಳಗೇ ಸವ್ದವೆ. ಅದ್ಲುಬದ್ಲು ಮಾಡಿದೀರಿ.”

“ಊಂ, ಮಾವ.”

ಮದುವೆಯಾದ ದಿನದಿಂದ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸಿದವರು. ಅಂದು ಮಾತ್ರ, “ಯಾಕ್ಲಾ ಯೋಳ್ನಿಲ್ಲ?” ಅಂದರು.

“ನಿಮ್ಗೆ ಬೇಜಾರಾಯ್ತದೆ ಅಂತ.”

ಅವರು ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಟ್ರೇಲರಿನ ಮೂಕಿಯ ಮೇಲೆ ಕೂತರು. ಮತ್ತೆ ಬಹುವಚನಕ್ಕೇ ಬಂದರು. “ನನ್ ಎಡಗಣ್ಗೆ ಪೊರೆ ಬಂದದೆ ಅಳಿಮಯ್ಯ. ಒಗೆ ಕವ್ಕಂಡಂಗಿರ್ತದೆ. ಯಾರ್ಗೂ ಯೋಳ್ನಿಲ್ಲ. ಕೈ ತಪ್ತಾ ಅದೇನೋ ಅಂತ ನನ್ಗೂ ಅನ್ಮಾನ ಇತ್ತು. ಅದ್ಕೇ ಬಂದಾಗ್ಲೆಲ್ಲಾ ಎಂಗದೆ ಎಂಗದೆ ಅಂತ ನಿಮ್ಮನ್ನ ಕೇಳ್ತಿದ್ದೆ. ನೀವು ಚಿನ್ನ ಅಂದ್ರಿ. ಆ ಮಾತ ನಂಬ್ಕಂಡು ಇನ್ನೂ ಮೂರು ಗಾಡಿ ಕಟ್ಕೊಟ್ಟೆ.”

ನನಗೆ ತಲೆಯೆತ್ತಲಾಗಲಿಲ್ಲ. ಅಷ್ಟು ದಿನ ಮುದುಕನ ಜಂಬ ಎಂದು ನಾನು ಸಹಿಸಿಕೊಂಡಿದ್ದ ಮಾತು, ಹೆದರಿದ ಮನುಷ್ಯನೊಬ್ಬ ತನ್ನವನೆಂದು ನನ್ನನ್ನು ಕೇಳಿದ್ದ ಮಾತಾಗಿತ್ತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. “ಮೊದ್ಲು ಆ ಮೂರು. ನಮ್ದು ಕೊನೇಗೆ” ಅಂದರು.

ಕೆಲಸಗಾರನನ್ನು ಕರೆದುಕೊಂಡು ಮೂವರೂ ಹೊರಟೆವು. ಯಳಂದೂರಿನದು ನೆಟ್ಟಗೇ ಇತ್ತು. ಮಾವನ ಮುಖ ಅರಳಲಿಲ್ಲ. ಹನೂರಿನದು ತುಸು ಓರೆ. ಲೊಕ್ಕನಹಳ್ಳಿಯದು ನನ್ನದಕ್ಕಿಂತ ಓರೆ. ಯಾವ ಮನೆಯಲ್ಲೂ ಅವರು ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತು, “ನನ್ ಕೆಲ್ಸದಲ್ಲಿ ತಪ್ಪಾಗಿರ್ಬೋದು, ಚಕ್ರ ನೋಡ್ಬೇಕು” ಅನ್ನುತ್ತಿದ್ದರು. ಗುಂಡು ಹಿಡಿದು ಅವರ ಹಿಂದೆ ನಿಲ್ಲುವುದು ನನ್ನ ಕೆಲಸ.

ಲೊಕ್ಕನಹಳ್ಳಿಯ ಗಾಡಿಯ ಯಜಮಾನರು ಒಳ್ಳೆಯವರು. “ನಮ್ಗೂ ಅನ್ಮಾನ ಬಂತು ಕಣ್ರಿ. ಆದ್ರೆ ಸ್ವಂತ ಅಳಿಯಂಗೂ ಇವ್ರೇ ಕಟ್ಟಿರಾದಂತೆ, ಅವ್ರು ಏನೂ ಅಂದಿಲ್ವಂತೆ. ನಮ್ ಕಾಡ್ ದಾರಿದೇ ತಪ್ಪಿರ್ಬೇಕು ಅಂತ ಸುಮ್ಕಾದೋ” ಎಂದರು, ನನ್ನ ಮುಖ ನೋಡಿಕೊಂಡೇ. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಮಾವ ಹೇಳಬಹುದಿತ್ತು, ಹೇಳಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಆ ಅಳಿಯ ನಾನೇ ಕಣ್ರಿ” ಅಂದೆ.

“ಓ! ಬನ್ನಿ ಬನ್ನಿ, ಕೂತ್ಕಳಿ, ಟೀ ಕುಡೀರಿ” ಎಂದು ಅವರು ಉಪಚಾರ ಮಾಡಿದರು.

ಓರೆಯಿದ್ದ ಆ ಎರಡೂ ಗಾಡಿ ಸರಿಯಾದ ಮೇಲೆ, ಕೊನೆಗೆ ನನ್ನ ಟ್ರೇಲರ್ ಕೊಳ್ಳೇಗಾಲದ ಶೆಡ್ಡಿಗೆ ಹೋಯಿತು. ಜಾಕ್ ಮೇಲೆ ಎತ್ತಿ, ಎಡಗಡೆ ತುದಿಯ ಹಳೆಯ ಬೆಸುಗೆ ಕೊಯ್ದು, ಹೊಸದಾಗಿ ಕೂರಿಸಿ, ಸದ್ಯಕ್ಕೆ ನಿಲ್ಲುವಷ್ಟು ಬೆಸುಗೆಯ ಚುಕ್ಕಿಗಳನ್ನಿಟ್ಟು ಚಕ್ರ ಹಾಕಿದರು. ವೆಲ್ಡಿಂಗ್ ಮಾಡಿದವನು ಕೆಲಸಗಾರ. ಮಾವ ಮೊದಲ ಸಲ ಆಕ್ಸೆಲನ್ನು ಬೇರೆಯವರ ಕೈಗೆ ಕೊಟ್ಟು, ತಾವು ಗುಂಡಿನ ದಾರ ಹಿಡಿದು ನಿಂತಿದ್ದರು. ದಾರ ಅಲ್ಲಾಡುವುದು ನಿಂತ ಮೇಲೆ ನನ್ನ ಕಡೆ ತಿರುಗಿದರು.

“ಎಂಗದೆ ಅಳಿಮಯ್ಯ?”

ಬಗ್ಗಿ ನೋಡಿದೆ. ಕೆಳಗೆ ದಾರ ತಾಕಿತ್ತು. ಮೇಲೆ ಸಣ್ಣದೊಂದು ಸಂದು, ಒಂದು ನೂಲಿನಷ್ಟು. ಕೆಲಸಗಾರ ಬೆವರು ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ, ಸಾಕು ಅನ್ನಿ ಎನ್ನುವ ಹಾಗೆ. ಅಷ್ಟು ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಭ್ಯಾಸಬಲದಿಂದ ‘ಚಿನ್ನ’ ಎಂಬ ಮಾತು ತುಟಿಯ ತನಕ ಬಂತು. ಮಾವ ಪೊರೆ ಕವಿದ ಕಣ್ಣನ್ನು ಕಿರಿದು ಮಾಡಿಕೊಂಡು ಕಾಯುತ್ತಿದ್ದರು.

“ಸರಿಯಾಗಿಲ್ಲ ಮಾವ” ಅಂದೆ. “ಒಂದ್ ನೂಲು ಒಳೀಕದೆ.”

“ಆಂ, ಅಂಗ್ ಯೋಳಿ” ಅಂದರು ಮಾವ. ಕೆಲಸಗಾರನ ಕಡೆ ತಿರುಗಿ, “ಬುಚ್ಲಾ, ತಿರ್ಗಾ ಕೂರ್ಸು” ಅಂದರು.