ಹಿಂದಕ್ಕೂ ಮುಂದಕ್ಕೂ ಒದೆಯುವ ಕೋವಿ

ಯಜಮಾನರ ಅಂಗಿಗೆ ಗುಂಡಿ ಹುಡುಕಲೆಂದು ಬಿಸ್ಕತ್ತಿನ ಡಬ್ಬಿಯನ್ನು ಮಂಚದ ಮೇಲೆ ಸುರಿದಾಗ ಕಪ್ಪು ರಬ್ಬರಿನ ಮುಚ್ಚಳವೊಂದು ಉರುಳಿ ಬಂತು. ಯಾವುದೋ ಔಷಧಿ ಬಾಟಲಿಯದ್ದಿರಬೇಕೆಂದು ಬಿಸಾಡಲು ಹೊರಟವಳು ಸುಮ್ಮನೆ ಮೂಸಿದೆ. ಹೊಸ ಚಪ್ಪಲಿಯಂಥ ವಾಸನೆ, ಇಷ್ಟು ವರ್ಷಗಳಾದರೂ... ಅದು ಪಕ್ಕದ ಮನೆಯ ಟೀಚರ್ ತಮ್ಮ ಕೋವಿಗೆ ಹಾಕಿಸಿದ್ದ ಸ್ಕೋಪಿನ, ಗುರಿ ಹತ್ತಿರ ಕಾಣಿಸುವ ದುರ್ಬೀನಿನ, ಮುಚ್ಚಳ. ಗುರಿ ಹಿಡಿಯುವಾಗ ನನ್ನ ಕೈಗೆ ಕೊಟ್ಟದ್ದು, ಮತ್ತೆ ಕೇಳಲೇ ಇಲ್ಲ.

ಟೀಚರ್ ಪುತ್ತಿಗೆಯ ಕಡೆಯ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಕಡಲ ತೀರದಲ್ಲಿ ತಮಾಷೆಗೆಂದು ಬಲೂನಿಗೆ ಗುರಿಯಿಟ್ಟರಂತೆ, ಒಂದೂ ತಪ್ಪಲಿಲ್ಲವಂತೆ. ಐವತ್ತು ಹತ್ತಿರವಾದ ಕಾಲಕ್ಕೆ ಹುಚ್ಚು ಅಲ್ಲಿಂದ ಹಿಡಿಯಿತು. ಒಂದು ಗಾಳಿ ಕೋವಿ ಕೊಂಡರು. ಪಟ್ಟಾಳದಲ್ಲಿ ಸೈನಿಕರಾಗಿದ್ದು ನಿವೃತ್ತರಾಗಿ ಬಂದ ಮಾಸ್ಟ್ರೊಬ್ಬರು ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯಲ್ಲಿ ಆದಿತ್ಯವಾರ ಬೆಳಿಗ್ಗೆ ಏಳೆಂಟು ಗಂಡಸರಿಗೆ ಗುರಿ ಕಲಿಸುತ್ತಿದ್ದರು. ಅಲ್ಲಿಗೆ ಟೀಚರ್ ಒಬ್ಬರೇ ಹೋಗುವುದು ಹೇಗೆಂದು ನಾನೂ ಜೊತೆಗೆ. ನಾನು ನೆರಳಿನಲ್ಲಿ ಕೂತು ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದೆ. ಅವರು ಹಳೆಯ ಸೀರೆ ಹಾಸಿ, ಚೂಡಿದಾರದ ಮೇಲೆ ತಮ್ಮನ ತುಂಬುತೋಳಿನ ಅಂಗಿ ತೊಟ್ಟು ಕವುಚಿ ಮಲಗುತ್ತಿದ್ದರು.

"ಟೀಚರೇ, ತೆಂಗಿನಕಾಯಿ ಕೀಳುವವನಿಗೆ ಇನ್ನು ರಜೆಯಾ?" ಎಂದು ಕಾಲೆಳೆಯುತ್ತಿದ್ದ, ಉಪ್ಪಳದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದವ.

"ಮೊದಲು ನಿನ್ನ ಬಾಯಿಗೇ ಗುರಿ ಮಾರಾಯ. ಅಷ್ಟು ದೊಡ್ಡದು ಬೇರೆ ಯಾವುದುಂಟು ಇಲ್ಲಿ?"

ಹತ್ತು ಮೀಟರಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಐವತ್ತು ಮೀಟರಿಗೆ ಹೋದಾಗ ಕಣ್ಣು ಕೈಕೊಟ್ಟಿತು. ಕೋವಿಯ ತುದಿಯ ಮೊಳೆ ಕಂಡರೆ ಗುರಿ ಮಸುಕು, ಗುರಿ ಕಂಡರೆ ಮೊಳೆ ಮಸುಕು. ಚಾಳೀಸಿನ ಕಣ್ಣಿಗೆ ಎರಡೂ ಒಟ್ಟಿಗೆ ಕಾಣಬೇಕಾದರೆ ಸ್ಕೋಪೇ ಬೇಕು. ಮಳೆಗಾಲ ಕಳೆದ ಮೇಲೆ ಮಂಗಳೂರಿನಲ್ಲಿ ಸ್ಪರ್ಧೆಯಿತ್ತು. ಐವತ್ತು ಮೀಟರಿನಲ್ಲಿ ಚೆನ್ನಾಗಿ ಹೊಡೆದ ನಾಲ್ವರನ್ನು ಮಾಸ್ಟ್ರು ಕರೆದೊಯ್ಯುವವರಿದ್ದರು.

"ಎಷ್ಟು ವರ್ಷ ಮಕ್ಕಳನ್ನು ಸ್ಪರ್ಧೆಗೆ ಕರ್ಕೊಂಡು ಹೋದದ್ದು ಮಾರಾಯ್ತಿ," ಎಂದರು ಟೀಚರ್ ನನ್ನೊಡನೆ. "ಒಮ್ಮೆ ನನ್ನನ್ನೂ ಯಾರಾದ್ರೂ ಕರ್ಕೊಂಡು ಹೋಗ್ಲಿ."

ಶಾರ್ಜಾದಲ್ಲಿದ್ದ ತಮ್ಮ ಶುಕ್ರವಾರ ಫೋನು ಮಾಡಿದ. ಅಂಗಡಿಯಲ್ಲಿ ಎರಡು ಬಗೆ ಉಂಟು, ಗಾಳಿ ಕೋವಿಗೆಂದು ಬರೆದ ಸಣ್ಣದೊಂದು, ಬೇಟೆಯ ದೊಡ್ಡ ಕೋವಿಗೆ ಹಾಕುವ ಭಾರದ್ದೊಂದು, ಯಾವುದು ಕಳಿಸಲಿ ಎಂದ. ಟೀಚರ್ ಮಾಸ್ಟ್ರನ್ನು ಎಲ್ಲರೆದುರೇ ಕೇಳಿದರು. ಅವರು ನಳಿಗೆ ಒರೆಸುತ್ತಾ, ತಲೆಯೆತ್ತದೆ, "ಗುಂಡು ಹಾರುವಾಗ ದೊಡ್ಡ ಕೋವಿಯ ಒದೆತ ತಾಳುವಂಥದ್ದು ನಿಮ್ಮ ಈ ಪುಟ್ಟದರದ್ದು ತಾಳುವುದಿಲ್ವಾ? ನೀವೇ ಲೆಕ್ಕದವರಲ್ವಾ ಟೀಚರೇ," ಎಂದರು. ಉಳಿದವರು ನೆಲ ನೋಡುತ್ತಿದ್ದರು. ಮಾಸ್ಟ್ರ ಮೇಲಿನ ಮರ್ಯಾದೆಯೆಂದುಕೊಂಡೆ ನಾನು.

ರಜೆಗೆ ಬಂದ ಯಾರದೋ ಪೆಟ್ಟಿಗೆಯಲ್ಲಿ ಸ್ಕೋಪ್ ಬಂತು, ದೊಡ್ಡದೇ. ಕಣ್ಣಿಟ್ಟ ಮೊದಲ ದಿನ ಟೀಚರ್, "ಅಯ್ಯೋ, ಕಾಗದದ ಮೇಲೆ ಇರುವೆ ಹೋಗ್ತಾ ಉಂಟು!" ಎಂದು ಕೂಗಿದರು. ಅದು ದಾಟುವವರೆಗೂ ಕೋವಿಯ ಕುದುರೆ ಎಳೆದು ಗುಂಡು ಹಾರಿಸಲಿಲ್ಲ. ಆಮೇಲೆ ಹೊಡೆದದ್ದೆಲ್ಲ ಒಂದು ಬೊಟ್ಟಿನಷ್ಟು ಜಾಗದೊಳಗೇ ಬಿತ್ತು. ಆ ಆದಿತ್ಯವಾರ, ಮರು ಆದಿತ್ಯವಾರ, ಗಂಡಸರು ತಮಾಷೆಯನ್ನೇ ಬಿಟ್ಟರು. ಪ್ರತಿ ಗುಂಡಿಗೂ ಗುರಿಯ ಕಡೆ ನೋಡದೆ ಅವರ ಸ್ಕೋಪಿನ ಕಡೆ ನೋಡುತ್ತಿದ್ದರು.

ಮೂರನೆಯ ಆದಿತ್ಯವಾರ ಆಯ್ಕೆ. ಅರ್ಧದವರೆಗೆ ಟೀಚರೇ ಮುಂದಿದ್ದರು. ಮತ್ತೊಂದು ಗುಂಡು ಹೊಡೆದವರು ಕಣ್ಣುಜ್ಜಿಕೊಂಡು ಮತ್ತೆ ಸ್ಕೋಪಿಗೆ ಕಣ್ಣಿಟ್ಟರು.

"ಗೆರೆ ಇಲ್ಲ... ಗುರಿ ಹಿಡಿಯುವ ಒಳಗಿನ ಗೆರೆ ಕಾಣ್ತಾ ಇಲ್ಲ."

ಕೋವಿ ಅಲ್ಲಾಡಿಸಿದರೆ ಸ್ಕೋಪಿನೊಳಗೆ ಡಬ್ಬಿಯ ಅಕ್ಕಿಯಂತೆ ಏನೋ ಕುಲುಕಿತು. ಮೊಬೈಲ್ ಅಂಗಡಿಯವ ಎದ್ದು ಕುಣಿದ. "ನನ್ನದು! ಮೂರನೇ ವಾರ ಅಂತ ಹೇಳಿದ್ದೆ ನಾನು! ತರಿಸಿ ಗೋಳಿಬಜೆ!"

ಸ್ಕೋಪ್ ಯಾವ ವಾರ ಒಡೆಯುತ್ತದೆ ಎಂದು ಅವರೊಳಗೆ ಗೋಳಿಬಜೆಯ ಪಂದ್ಯ ಕಟ್ಟಿದ್ದರು.

ಮಾಸ್ಟ್ರು ಪಾಠದಂತೆಯೇ ಬಿಡಿಸಿ ಹೇಳಿದರು. "ದೊಡ್ಡ ಕೋವಿ ಹಿಂದಕ್ಕೆ ಮಾತ್ರ ಒದೆಯುವುದು. ಸ್ಪ್ರಿಂಗಿನ ಗಾಳಿ ಕೋವಿ ಹಿಂದಕ್ಕೆ ಒದ್ದು ಕೂಡಲೇ ಮುಂದಕ್ಕೂ ಹಾರ್ತದೆ. ಮುಂದಿನ ಒದೆತಕ್ಕೆ ಆ ಸ್ಕೋಪಿನೊಳಗೆ ತಡೆ ಇಲ್ಲ."

"ನಿಮಗೆ ಗೊತ್ತಿತ್ತಾ ಮಾಸ್ಟ್ರೇ?"

"ಗೊತ್ತಿಲ್ಲದೆ? ಹೇಳಿದ್ರೆ ಮರೀತೀರಿ. ಮುರಿದ್ರೆ ಮರೆಯುವುದಿಲ್ಲ."

ಹೋಟೆಲಿನಿಂದ ಗೋಳಿಬಜೆ ಬಂತು. "ಟೀಚರಿಗೆ ಎರಡು ಕೊಡಿ, ಸ್ಕೋಪಿನ ಖರ್ಚು ಅವರದ್ದೇ ಅಲ್ವಾ!" ಎಂದು ಯಾರೋ ನಕ್ಕರು. ಟೀಚರ್ ಎರಡನ್ನೂ ತಿಂದರು. ನಿಧಾನಕ್ಕೆ, ಚಟ್ನಿಯ ಸಮೇತ. ಬೆರಳ ಎಣ್ಣೆಯನ್ನು ಹಳೆಯ ಸೀರೆಗೆ ಒರೆಸಿ, "ಉಳಿದ ಗುಂಡು ಹಾಗೇ ಹೊಡೆಯಬಹುದಾ?" ಎಂದು ಕೇಳಿದರು.

"ಹೊಡೀರಿ," ಎಂದರು ಮಾಸ್ಟ್ರು.

ಸ್ಕೋಪ್ ಬಿಚ್ಚಿಟ್ಟು ಮಲಗಿದರು. ಪ್ರತಿ ಗುಂಡಿಗೂ ಆಚೆ ತುದಿಯಿಂದ "ಗುಡ್ಡೆಗೆ!" ಎಂಬ ಕೂಗು, ಈಚೆಯಿಂದ ನಗು. ಒಂದೂ ಕಾಗದ ಮುಟ್ಟಲಿಲ್ಲ. ಆದರೂ ಕೊನೆಯ ಗುಂಡಿನವರೆಗೆ ಏಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಟೀಚರ್ ಕೇಳಿದ್ದು ಒಂದೇ ಮಾತು. "ಹೇಳಿದ್ರೆ ನಾನು ಮರೀತಿದ್ದೆನಾ? ನೀನೇ ಹೇಳು, ನಾನು ಎಂತಾದ್ರೂ ಮರೆತದ್ದುಂಟಾ?" ಶುಕ್ರವಾರ ಫೋನಿನಲ್ಲಿ ತಮ್ಮನಿಗೆ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು. "ಭಾರೀ ಒಳ್ಳೆದುಂಟು ಮಾರಾಯ, ಇರುವೆ ಸಹ ಕಾಣ್ತದೆ." ಕೋರೆಯ ಕಡೆಗೆ ಮತ್ತೆ ಹೋಗಲಿಲ್ಲ. ನಿವೃತ್ತರಾಗಿ ಪೆರ್ಲದ ತಂಗಿಯ ಮನೆಗೆ ಹೋದರು. ಅಲ್ಲೇ ತೀರಿಕೊಂಡರು. ನಾನು ತಲುಪುವಾಗ ಎಲ್ಲ ಮುಗಿದಿತ್ತು...

ಮಾಸ್ಟ್ರ ಶಿಷ್ಯರು ಈಗ ಬಹಳ ಮಂದಿ. ನನ್ನ ಅಣ್ಣನ ಮಗಳೂ ಸೇರಿದ್ದಾಳೆ. ಮೊನ್ನೆ ನಮ್ಮ ಮೇಜಿನ ಮುಂದೆ ಕೂತು ಫೋನಿನಲ್ಲಿ ಸ್ಕೋಪ್ ಆರಿಸುತ್ತಿದ್ದಳು. ಭಾರದ್ದೊಂದನ್ನು ಬೇಕೆಂದೇ ತೋರಿಸಿ, "ಇದು ಚಂದ ಉಂಟಲ್ಲ?" ಎಂದೆ.

"ಬೇಡ ಅತ್ತೆ. ಇದು ಟೀಚರ್ ಸ್ಕೋಪ್."

"ಹಾಗೆಂದ್ರೆ?"

"ಗಾಳಿ ಕೋವಿಗೆ ಆಗದ್ದಕ್ಕೆ ನಮ್ಮಲ್ಲಿ ಹಾಗೇ ಹೇಳುವುದು. ಮಾಸ್ಟ್ರು ಮೊದಲ ದಿನವೇ ಕತೆ ಹೇಳಿ ನಗಿಸ್ತಾರೆ. ಯಾವ ಟೀಚರೋ, ಎಂತದೋ."

ಅವರ ಹೆಸರು ಹೇಳಿದೆ. "ಓಹೋ, ನಿಜವಾಗಿಯೂ ಇದ್ದವರಾ?" ಎಂದಳು. ಸರಿಯಾದದ್ದನ್ನೇ ಆರಿಸಿ ಆರ್ಡರ್ ಮಾಡಿದಳು.