ತಲೆ ಎತ್ತಬೇಡಿ ಬಾಯಮ್ಮ

ಹೋದ ವಾರ ಕರ್ಟನ್ ಬಟ್ಟೆ ನೋಡಲು ಹೋದವಳಿಗೆ ಅಂಗಡಿಯವನು ಸುರುಳಿ ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಹುಲ್ಲು ಬಿಚ್ಚಿ ತೋರಿಸಿದ. ಬಾಲ್ಕನಿಗೆ ಚೆನ್ನಾಗಿರುತ್ತದೆ ಮೇಡಂ, ಅಂದ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹುಲ್ಲೂ ಬೇಡ, ಕರ್ಟನ್ನೂ ಬೇಡ ಅನಿಸಿ ಹೊರಗೆ ಬಂದುಬಿಟ್ಟೆ. ಆಟೋ ಹುಡುಕುತ್ತಾ ನಿಂತಿದ್ದರೂ ಕಣ್ಣ ಮುಂದೆ ಬಂದವರು ಮಸ್ಕತ್ತಿನ ನಮ್ಮ ಪಕ್ಕದ ಮನೆಯ ಬಾಯಮ್ಮ... ಕಂಕುಳಲ್ಲಿ ಕಾಲೊರಸಿನಷ್ಟು ದೊಡ್ಡ ಅದೇ ಹುಲ್ಲಿನ ತುಂಡು.

ಅದು ತೊಂಬತ್ತರ ದಶಕದ ಆರಂಭ. ಮಸ್ಕತ್ತಿನ ಘಾಲಾ ಎಂಬಲ್ಲಿನ ಗ್ಯಾರೇಜುಗಳಿಂದ ಸ್ವಲ್ಪ ಆಚೆ ನಮ್ಮ ಕಟ್ಟಡ. ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ಹೊಸದಾಗಿ ಬಂದಿದ್ದೆ. ಬಾಯಮ್ಮ ಉಡುಪಿ ಹತ್ತಿರದವರು, ಮನೆಯಲ್ಲಿ ಕೊಂಕಣಿ. ನನಗೆ ಕೊಂಕಣಿ ಬಾರದ ಕಾರಣ ನಮ್ಮಿಬ್ಬರ ನಡುವೆ ಕನ್ನಡವೇ. ಇಬ್ಬರೂ ಗಂಡನ ವೀಸಾದಲ್ಲಿ ಬಂದವರಾದ್ದರಿಂದ ಕೆಲಸ ಮಾಡುವ ಹಾಗಿರಲಿಲ್ಲ. ಗಂಡಸರು ಆಫೀಸಿಗೆ, ಬಾಯಮ್ಮನ ಮಗಳು ಶಾಲೆಗೆ ಹೋದ ಮೇಲೆ ನಾನು ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದೆ. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು, ಹೋಗಲು ಜಾಗವಿಲ್ಲ. ಬಾಯಮ್ಮನದೂ ಅದೇ ಚಡಪಡಿಕೆ. ಆದರೆ ಅವರ ಕೈಯಲ್ಲಿ ಗಾಲ್ಫ್ ಕೋಲು ಇತ್ತು.

ಅವರ ಗಂಡನ ಇಂಗ್ಲಿಷ್ ಮ್ಯಾನೇಜರನ ಹೆಂಡತಿ ಜೊತೆಗೊಬ್ಬರು ಇರಲಿ ಅಂತ ಇವರನ್ನು ಮರಳಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಅಲ್ಲಿ ಒಂದು ಎಸಳು ಹುಲ್ಲಿರಲಿಲ್ಲ. ಆಡುವವರು ತಮ್ಮ ಹುಲ್ಲನ್ನು ತಾವೇ ಹೊತ್ತು, ಚೆಂಡು ಬಿದ್ದಲ್ಲಿ ಹಾಸಿ, ಅದರ ಮೇಲಿಂದ ಹೊಡೆಯಬೇಕು. ಆ ಮೇಡಂ ಊರಿಗೆ ಹೋಗುವಾಗ ಹಳೆಯ ಕೋಲು, ಒಂದು ಚೀಲ ಚೆಂಡು ಮತ್ತು ಆ ಹುಲ್ಲನ್ನು ಬಾಯಮ್ಮನಿಗೆ ಬಿಟ್ಟುಹೋದರು.

ನಮ್ಮ ಕಟ್ಟಡದ ಹಿಂದೆ ಜಲ್ಲಿಕಲ್ಲಿನ ಬಯಲು, ಅದರಾಚೆ ವಾದಿ. ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ, ಉಳಿದಂತೆ ಬರೀ ಕಲ್ಲು. ಅದರ ಮೇಲಿಂದ ಚೆಂಡನ್ನು ಆಚೆ ದಡಕ್ಕೆ ದಾಟಿಸಬೇಕೆಂಬುದು ಬಾಯಮ್ಮನ ಹಟ. ಚೆಂಡೆಲ್ಲ ವಾದಿಗೇ ಬೀಳುತ್ತಿತ್ತು. ಕಾರಣ ನಮ್ಮೂರಿನ ಕುಟ್ಟಿದೊಣ್ಣೆ, ಅಂದರೆ ಚಿನ್ನಿದಾಂಡು. ಚಿಕ್ಕಂದಿನಲ್ಲಿ ಅಣ್ಣಂದಿರ ಜೊತೆ ಆಡಿ ಆಡಿ, ಕುಟ್ಟಿಯನ್ನು ಕೆಳಗಿನಿಂದ ಚಿಮ್ಮಿಸುವುದು ಅವರ ಕೈಗೆ ಅಂಟಿಬಿಟ್ಟಿತ್ತು. ಚೆಂಡನ್ನೂ ಹಾಗೇ ಎತ್ತಲು ಹೋಗುತ್ತಿದ್ದರು. ಕೋಲು ಮೊದಲು ನೆಲಕ್ಕೆ ಬಡಿದು, ಚೆಂಡು ಮುದಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು.

"ಮೇಲೆ ಹೋಗ್ಬೇಕಾದ್ರೆ ಕೆಳಗೆ ಹೊಡೀಬೇಕಂತೆ. ಎಂತ ಕರ್ಮ ಮಾರಾಯ್ತಿ" ಎನ್ನುತ್ತಿದ್ದರು.

ಮೇಡಂ ಹೇಳಿಕೊಟ್ಟ ಅಭ್ಯಾಸಗಳಿದ್ದವು. ಮಣ್ಣಿನ ಮೇಲೆ ಹಿಮ್ಮಡಿಯಿಂದ ಗೆರೆ ಎಳೆದು, ಚೆಂಡಿಲ್ಲದೆ ಕೋಲು ಬೀಸುವುದು. ಧೂಳು ಗೆರೆಯ ಹಿಂದೆ ಎದ್ದರೆ ತಪ್ಪು, ಮುಂದೆ ಎದ್ದರೆ ಸರಿ. ಬಾಯಮ್ಮ ನನ್ನನ್ನು ಕಲ್ಲಿನ ಮೇಲೆ ಕೂರಿಸಿ ನೋಡು ಎನ್ನುತ್ತಿದ್ದರು. "ಹಿಂದೆ... ಮತ್ತೂ ಹಿಂದೆ" ಎಂದು ಹೇಳಿ ಹೇಳಿ ನನಗೆ ರೇಗುತ್ತಿತ್ತು. ಆಮೇಲೆ ಚೆಂಡಿನ ಹಿಂದೆ ಮಡಿಸಿದ ಟವೆಲ್ ಇಡುವುದು, ಅದಕ್ಕೆ ತಾಗದಂತೆ ಹೊಡೆಯುವುದು. ಎಷ್ಟೋ ದಿನ ಚೆಂಡು ಇದ್ದಲ್ಲೇ ಇತ್ತು, ಟವೆಲ್ಲೇ ಹಾರಿತು. ವಾದಿಯನ್ನು ಟವೆಲ್ಲೇ ಮೊದಲು ದಾಟುತ್ತದೆ ಬಿಡಿ ಎಂದು ನಾನು ಚುಡಾಯಿಸುತ್ತಿದ್ದೆ.

ಅದೂ ಪಳಗಿದ ಮೇಲೆ ಉಳಿದದ್ದು ತಲೆ. ಹೊಡೆಯುವ ಹೊತ್ತಿಗೆ ಚೆಂಡು ಎಲ್ಲಿ ಹೋಯಿತೆಂದು ನೋಡಲು ಅವರ ತಲೆ ಎದ್ದುಬಿಡುತ್ತಿತ್ತು, ಪೆಟ್ಟು ಕೆಡುತ್ತಿತ್ತು. "ತಲೆ ಎತ್ತಬೇಡಿ ಬಾಯಮ್ಮ" ಎಂದು ಕೂಗುವ ಕೆಲಸ ನನ್ನದಾಯಿತು.

"ನಮ್ಮಮ್ಮ ತಲೆ ಎತ್ತಿ ಬದುಕು ಅಂತ ಹೇಳಿ ಕಳಿಸಿದ್ದು. ಇಲ್ಲಿ ಬಂದು ನಿನ್ನ ಹತ್ರ ಬೈಸಿಕೊಳ್ಳೂದು ನೋಡು."

ಹೀಗಿರುವಾಗ ಅವರ ಗಂಡನ ಕಂಪನಿ ಮುಚ್ಚುವ ಸುದ್ದಿ ಬಂತು. ವೀಸಾ ಕೊಟ್ಟ ಒಮಾನಿ ಧಣಿ, ಅಂದರೆ ಕಫೀಲ್, ಕರೆದು ಖಲಾಸ್ ಎಂದನಂತೆ. ತಿಂಗಳ ಕೊನೆಗೆ ಮೂವರೂ ಊರಿಗೆ. ಬಾಯಮ್ಮ ಅಳಲಿಲ್ಲ. ಮರುದಿನ ಬೆಳಗ್ಗೆ ಬಯಲಿನಲ್ಲಿ ಗೆರೆ ಎಳೆಯುತ್ತಾ ಹೇಳಿದರು: "ಬಂದದ್ದು ಇವರು ಹೇಳಿದಾಗ. ಹೋಗೂದು ಕಫೀಲ್ ಹೇಳಿದಾಗ. ಈ ವಾದಿ ಒಂದನ್ನಾದ್ರೂ ನಾನು ಹೇಳಿದ ಹಾಗೆ ದಾಟ್ಬೇಕು." ಅಲ್ಲಿಯವರೆಗೆ ಅದು ನನಗೆ ಹೊತ್ತು ಕಳೆಯುವ ಆಟವಾಗಿತ್ತು. ಆಮೇಲೆ ನಾನೂ ಅವರಷ್ಟೇ ಪಟ್ಟು ಹಿಡಿದು ಕೂಗಿದೆ.

ಹೊರಡುವ ದಿನ ಸೂಟ್‌ಕೇಸುಗಳಿಗೆ ಹಗ್ಗ ಬಿಗಿದು ಆಗಿತ್ತು. ಅವರ ಗಂಡ ಪಾಸ್‌ಪೋರ್ಟ್ ತರಲು ಕಫೀಲ್ ಹತ್ತಿರ ಹೋಗಿದ್ದರು. ಬಾಯಮ್ಮ ಪ್ರಯಾಣಕ್ಕೆಂದು ಉಟ್ಟ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಲ್ಲು ಹಾಸಿ ನಿಂತರು. ಮೊದಲ ಚೆಂಡು ವಾದಿಗೆ, ಎರಡನೆಯದೂ ವಾದಿಗೆ. ಮೂರನೆಯದಕ್ಕೆ ಕೋಲು ಇಳಿದಾಗ ಕೇಳಿದ ಸದ್ದೇ ಬೇರೆ. ಚಿಕ್ಕದು, ಬಿಗಿಯಾದದ್ದು. ಚೆಂಡು ಏರಿತು, ಏರುತ್ತಲೇ ಹೋಯಿತು, ವಾದಿಯ ಮೇಲೆ ಸಾಗಿ ಆಚೆ ದಡದ ಮುಳ್ಳುಗಿಡದ ಬುಡದಲ್ಲಿ ಧೂಳೆಬ್ಬಿಸಿ ಬಿತ್ತು. ಅಲ್ಲಿ ಮೇಯುತ್ತಿದ್ದ ಮೇಕೆಯೊಂದು ತಿರುಗಿ ನೋಡಿತು.

ಬಾಯಮ್ಮ ಮಾತ್ರ ನೋಡಲಿಲ್ಲ. ಬಗ್ಗಿಸಿದ ತಲೆ ಬಗ್ಗಿಸಿದಂತೆಯೇ, ಖಾಲಿ ಹುಲ್ಲಿನ ಮೇಲೆ ಕಣ್ಣಿಟ್ಟು ನಿಂತಿದ್ದರು.

"ದಾಟಿತಾ?"

"ದಾಟಿತು ಬಾಯಮ್ಮ."

"ಸುಳ್ಳು ಹೇಳ್ಬೇಡ."

"ದೇವರಾಣೆ."

ಆಮೇಲೆ ತಲೆ ಎತ್ತಿದರು. ಅಷ್ಟರಲ್ಲಿ ಧೂಳೂ ಅಡಗಿತ್ತು. ಹೋಗಿ ಹೆಕ್ಕಿ ತರುತ್ತೇನೆ, ಊರಿಗೆ ಒಯ್ಯಿರಿ ಎಂದೆ. "ಬೇಡ, ಅಲ್ಲೇ ಇರ್ಲಿ. ಅದಕ್ಕೆ ವೀಸಾ ಬೇಡ" ಎಂದು ನಕ್ಕು ಸೆರಗು ಬಿಚ್ಚಿ ಕಣ್ಣೊರೆಸಿಕೊಂಡರು. ಕಟ್ಟಡದ ಮುಂದೆ ಕಾರಿನ ಹಾರ್ನ್ ಕೇಳಿಸುತ್ತಿತ್ತು.

ಮೊದಮೊದಲು ಕಾಗದ ಬರುತ್ತಿತ್ತು. ಆಮೇಲೆ ಕ್ರಿಸ್‌ಮಸ್‌ಗೊಂದು ಕಾರ್ಡು, ಆಮೇಲೆ ಅದೂ ಇಲ್ಲ... ನಾವೂ ಮನೆ ಬದಲಿಸಿದೆವು, ಊರಿಗೆ ಬಂದೆವು. ಬಾಯಮ್ಮ ತೀರಿಕೊಂಡ ಸುದ್ದಿ ಕೊಡಲು ಈಚೆಗೆ ಅವರ ಮಗಳು ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ಮಾತು ಮುಗಿಯುವ ಹೊತ್ತಿಗೆ ಕೇಳಿದಳು.

"ಆಂಟಿ, ಮಮ್ಮಿಯ ಬಾಲ್ ವಾದಿ ದಾಟಿದ್ದು ಹೌದಾ? ಡ್ಯಾಡಿ ಲಾಸ್ಟ್‌ವರೆಗೂ ನಂಬಲೇ ಇಲ್ಲ, ತಮಾಷೆ ಮಾಡ್ತಾ ಇದ್ರು. ನೀನು ನೋಡಿದ್ಯಾ ಅಂತ ಡ್ಯಾಡಿ ಕೇಳಿದ್ರೆ, ನಾನು ನೋಡ್ಲಿಲ್ಲ, ಅವಳು ನೋಡಿದ್ದಾಳೆ ಅಂತ ಮಮ್ಮಿ ಹೇಳ್ತಿದ್ರು."

"ಹೌದು ಮಗಾ. ನಾನು ನೋಡಿದ್ದೇನೆ" ಎಂದೆ. ಫೋನಿಟ್ಟ ಮೇಲೆ ಅಡುಗೆಮನೆಯಿಂದ ಹೊರಗೆ, ಹೊರಗಿನಿಂದ ಒಳಗೆ ಸುಮ್ಮನೆ ಓಡಾಡಿದೆ. ಇಷ್ಟು ವರ್ಷ ಅವರು ನನ್ನ ಕಣ್ಣನ್ನು ನಂಬಿಕೊಂಡು ಇದ್ದರು. ಚೆಂಡು ಎಷ್ಟು ಎತ್ತರ ಏರಿತು, ಯಾವ ಗಿಡದ ಬುಡದಲ್ಲಿ ಬಿತ್ತು, ಮೇಕೆ ಹೇಗೆ ನೋಡಿತು, ಇದೆಲ್ಲ ಅವರಿಗೆ ಗೊತ್ತೇ ಇರಲಿಲ್ಲ. ಅವತ್ತು ಗಡಿಬಿಡಿಯಲ್ಲಿ ನಾನು ದಾಟಿತು ಎಂದಷ್ಟೇ ಹೇಳಿದ್ದೆ.